ಅಕ್ಕನ ಮೂಗಿನ ನೇರಕ್ಕೆ

೯ ಜನವರಿ

ಅಕ್ಕ,

ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನವೆಂಬರಿನಲ್ಲಿ ಜ್ವರ ಬಂದು ಹತ್ತು ದಿನ ಮಲಗಿದ್ದೆ, ಈಗ ಹುಷಾರಾಗಿ ಬಿಯರ್ ಟ್ಯಾಂಕುಗಳ ಹಿಂದೆ ಓಡಾಡುತ್ತಿದ್ದೇನೆ.

ನಿನ್ನಿಂದ ಒಂದು ಕೆಲಸ ಆಗಬೇಕು. ನೀನಿರುವ ಊರಿನಲ್ಲಿ ಸಣ್ಣ ಸಣ್ಣ ಬ್ರೂವರಿಗಳಿವೆ. ದೊಡ್ಡ ರಸ್ತೆಯಲ್ಲಿ ಬಣ್ಣದ ದೀಪ ಹಾಕಿಕೊಂಡು ಕೂತಿರುವವಲ್ಲ. ಟೈರ್ ಅಂಗಡಿ ಹಿಂದಿನದು, ಲಾಂಡ್ರಿಯ ಮಹಡಿ ಮೇಲಿನದು, ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನೊಳಗೆ ಒಂದು, ಬಸ್ ಡಿಪೋ ಪಕ್ಕದ ನೆಲಮಾಳಿಗೆಯಲ್ಲಿ ಇನ್ನೊಂದು. ಪಕ್ಕದ ಬೀದಿಯವರಿಗೂ ಇವು ಗೊತ್ತಿರುವುದಿಲ್ಲ. ನಾನು ಆ ಊರಲ್ಲಿ ಎಂಟು ವರ್ಷ ಬಿಯರ್ ಕಾಯಿಸಿದವನು, ನಾನು ಬಿಟ್ಟ ವರ್ಷವೇ ನಿನಗೆ ಅಲ್ಲಿಗೆ ವರ್ಗವಾಯಿತು. ದಾರಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಮ್ಮನಿಗೆ ಯಾರು ತಾನೆ ಬಾಗಿಲು ಹಾಕುತ್ತಾರೆ. ಒಂದು ಗ್ಲಾಸ್ ತರಿಸು, ಮೊದಲು ಮೂಸು, ಆಮೇಲೆ ಕುಡಿ, ಏನು ಅನ್ನಿಸಿತೋ ಬರೆ. ನಮ್ಮ ಬ್ರೂವರಿಯ ಯಜಮಾನಮ್ಮ ಈ ವರ್ಷ ಹೊಸ ಬಗೆ ಬೇಕು ಅನ್ನುತ್ತಿದ್ದಾರೆ. ಬೇರೆಯವರು ಏನು ಮಾಡುತ್ತಿದ್ದಾರೆ ಅಂತ ನನಗೆ ತಿಳಿದಿರಬೇಕು.

ಫೋನಿನಲ್ಲಿ ಹೇಳಬೇಡ. ಫೋನಿನಲ್ಲಿ ನೀನು "ಚೆನ್ನಾಗಿದೆ ಕಣೋ" ಅಂತ ಒಂದೇ ಮಾತಿಗೆ ಮುಗಿಸುತ್ತೀಯ. ಕಾಗದದಲ್ಲೂ "ಚೆನ್ನಾಗಿದೆ" ಅನ್ನುವ ಪದ ಬರಕೂಡದು. ಮತ್ತೆ ಅಕ್ಷರ ಸ್ವಲ್ಪ ಬಿಡಿಸಿ ಬರೆ ಮಾರಾಯ್ತಿ, ನಿನ್ನ ಕಾಗೆ ಕಾಲು ಗುಬ್ಬಿ ಕಾಲು ಓದುವುದಕ್ಕೆ ಬೇರೆ ಒಬ್ಬ ಇನ್‌ಸ್ಪೆಕ್ಟರ್ ಬೇಕು.

ಗುಂಡು


೨೩ ಜನವರಿ

ಗುಂಡು,

ಎರಡು ವರ್ಷಕ್ಕೊಂದು ಸಲ "ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ" ಅಂತ ಒಂದೂವರೆ ಸಾಲು ಬರೆಯುವ ತಮ್ಮ ಎರಡು ಪುಟ ಬರೆದಿದ್ದಾನೆ ಅಂದರೆ ಮೂಗಿನ ಮೇಲೆ ಬೆರಳಿಡಬೇಕಾದ ವಿಷಯವೇ. ನಿನ್ನ ಭಾವನಿಗೆ ಓದಿ ಹೇಳಿದೆ. ರಿಪೇರಿ ಮಾಡುತ್ತಿದ್ದ ಗಡಿಯಾರ ಕೆಳಗಿಟ್ಟು, "ಈ ವಯಸ್ಸಲ್ಲಿ ನಿನ್ನ ಕುಡಿಯೋಕೆ ಕಳಿಸೋನು ಸ್ವಂತ ತಮ್ಮನೇ ಆದನಲ್ಲ, ನಡಿ, ನಾನೂ ಬರ್ತೀನಿ" ಅಂದರು.

ಮೊದಲು ಟೈರ್ ಅಂಗಡಿಯದು. ಟೈರುಗಳ ನಡುವೆ ಒಬ್ಬರೇ ನುಸುಳುವಷ್ಟು ದಾರಿ, ಕೊನೆಗೆ ತಗಡಿನ ಬಾಗಿಲು, ಒಳಗೆ ನಾಲ್ಕು ಮೇಜು, ಎರಡು ಟ್ಯಾಂಕು. ಬಿಯರ್ ಕಾಯಿಸುವವನೇ ತಂದುಕೊಡುತ್ತಾನೆ, ಅವನೇ ಗ್ಲಾಸು ತೊಳೆಯುತ್ತಾನೆ. ಮಂಗಳವಾರ ಇಲಾಖೆಯ ಚೀಲ ಹಿಡಿದು ಹೋಗಿ ಅವನ ಗ್ಲಾಸುಗಳ ಗೆರೆ ಅಳೆದು ಬಂದಿದ್ದೆ. ಎಲ್ಲ ಸರಿಯಾಗಿತ್ತು. ಭಾನುವಾರ ಗಿರಾಕಿಯಾಗಿ ಹೋದರೂ ಪಾಪ ಅವನು ನನ್ನ ಚೀಲವನ್ನೇ ನೋಡುತ್ತಿದ್ದ.

ಬಿಯರ್ ಹೊಂಬಣ್ಣದ್ದು. ಹೂವಿನ ಪರಿಮಳ, ನಿಂಬೆ ಜಾತಿಯ ಹಣ್ಣುಗಳ ತಾಜಾತನ, ಕೊನೆಯಲ್ಲಿ ಸೌಮ್ಯವಾದ ಕಹಿ. ಉಳಿದದ್ದನ್ನು ಭಾವ ಮುಗಿಸಿದರು.

ನೀನು ಈಗ ಯಾವುದು ಕಾಯಿಸುತ್ತಿದ್ದೀ? ಅದರ ವಾಸನೆ ಹೇಗಿದೆ? ನೀನೂ ಬರೆ. ಈ ಬರೆಯುವ ಆಟ ನನಗೆ ಹಿಡಿಸಿದೆ.

ನಿನ್ನ ಅಕ್ಕ


೩೦ ಜನವರಿ

ಅಕ್ಕ,

ಹೂವಿನ ಪರಿಮಳ, ಸೌಮ್ಯವಾದ ಕಹಿ. ಇದು ನಿನ್ನ ಮೂಗಲ್ಲ, ಮೇಜಿನ ಮೇಲಿರುವ ಕಾರ್ಡಿನ ಮೂಗು. ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಅಲ್ಲಿ ಕೆಲಸಕ್ಕಿದ್ದಾಗ ಆ ಕಾರ್ಡು ಬರೆದುಕೊಟ್ಟವನೇ ನಾನು. ಅದರಲ್ಲಿ ನಿಂಬೆ ಬಿಟ್ಟರೆ ಒಂದು ಪದವೂ ನಿಜವಲ್ಲ.

ಎಲ್ಲರೂ ಅವರವರ ಮೂಗಿನ ನೇರಕ್ಕೆ ಮಾತಾಡುತ್ತಾರೆ ಅಂತ ಬೈಯುತ್ತೇವಲ್ಲ, ನನಗೆ ಬೇಕಾದದ್ದು ಅದೇ. ನಿನ್ನ ಮೂಗಿನ ನೇರಕ್ಕೆ ಬರೆ. ಅಟ್ಟ, ಬಚ್ಚಲು, ಟ್ರಂಕು, ಸ್ಕೂಲು, ಏನು ನೆನಪಾದರೂ ಸರಿ. ಮತ್ತೊಮ್ಮೆ ಹೋಗು. ಉಳಿದ ಮೂರಕ್ಕೂ ಹೋಗು. ಸ್ವಲ್ಪ ಬೇಗ.

ಇಲ್ಲಿ ವಿಶೇಷವೇನಿಲ್ಲ. ಭಾವನಿಗೆ ನಮಸ್ಕಾರ.

ಗುಂಡು


೧೬ ಫೆಬ್ರವರಿ

ಗುಂಡು,

ನಾಲ್ಕನ್ನೂ ಮುಗಿಸಿದೆ. ಈ ಸಲ ಕಾರ್ಡನ್ನು ಮಗುಚಿ ಹಾಕಿ ಕೂತೆ.

ಟೈರ್ ಅಂಗಡಿಯದು: ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಹಬೆ. ಅದರ ಹಿಂದೆಯೇ ನಿಂಬೆಸಿಪ್ಪೆಯನ್ನು ಉಗುರಿನಲ್ಲಿ ಗೀರಿದ ಹಾಗೆ.

ಲಾಂಡ್ರಿ ಮಹಡಿಯದು ಒಬ್ಬ ಹೆಂಗಸಿನದು. ಒಂದೇ ಟ್ಯಾಂಕು, ಒಂದೇ ಬಗೆ. ಕೆಳಗಿನಿಂದ ಸೋಪಿನ ಹಬೆ ಏಳುತ್ತಿರುತ್ತದೆ, ಆಕೆ ಕಿಟಕಿ ಮುಚ್ಚಿಕೊಂಡು ಬೆವರುತ್ತ ಕಾಯಿಸುತ್ತಾಳೆ. "ಬಟ್ಟೆಯೋರು ನನ್ನ ಬಿಯರ್ ನಾತ ಅಂತಾರೆ, ನಾನು ಅವರ ಸೋಪು ನಾತ ಅಂತೀನಿ, ಬಾಡಿಗೆ ಮಾತ್ರ ಇಬ್ಬರೂ ಒಬ್ಬರಿಗೇ ಕೊಡ್ತೀವಿ" ಅಂದಳು. ಮೆಟ್ಟಿಲು ಇಪ್ಪತ್ತೆರಡು. ನನ್ನ ಎಡ ಮೊಣಕಾಲು ಒಂದೊಂದನ್ನೂ ಲೆಕ್ಕ ಹಾಕಿತು, ಈಚೆಗೆ ಅದು ಬಹಳ ತೊಂದರೆ ಕೊಡುತ್ತಿದೆ. ಅವಳ ಬಿಯರ್: ಹಲ್ಲುನೋವಿಗೆ ಅಮ್ಮ ಹತ್ತಿಯಲ್ಲಿ ಅದ್ದಿ ಇಡುತ್ತಿದ್ದ ಲವಂಗದೆಣ್ಣೆ, ಆಮೇಲೆ ಮಾಗಿ ಕಪ್ಪು ಚುಕ್ಕೆ ಬಂದ ಬಾಳೆಹಣ್ಣು.

ಪ್ರೆಸ್ಸಿನೊಳಗಿನದು: ಮಳೆಗೆ ನೆಂದು ಒಣಗಿದ ನೋಟ್‌ಬುಕ್ಕಿನ ರಟ್ಟು. ಮೊದಲು ಅದು ಆ ಕಟ್ಟಡದ ವಾಸನೆ ಅಂದುಕೊಂಡೆ. ಗ್ಲಾಸನ್ನು ರಸ್ತೆಗೆ ತಂದು ಮೂಸಿದೆ, ಅಲ್ಲೂ ರಟ್ಟೇ.

ಡಿಪೋ ಪಕ್ಕದ್ದು ಕಮಟು. ತಿಂಗಳುಗಟ್ಟಲೆ ಮುಚ್ಚಿಟ್ಟ ಎಣ್ಣೆ ಡಬ್ಬಿ ತೆರೆದ ಹಾಗೆ. ಭಾವ ಕೂಡ ಅದನ್ನು ಮುಗಿಸಲಿಲ್ಲ ಅಂದರೆ ತಿಳಿದುಕೋ.

ಇದನ್ನೆಲ್ಲ ಬರೆಯುತ್ತ ನೆನಪಾಯಿತು, ಅಪ್ಪ ನಿನ್ನನ್ನು ನಾಯಿಮೂಗು ಅಂತ ಕರೆಯುತ್ತಿದ್ದರಲ್ಲ. ಹಾಲು ಕೆಟ್ಟಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ಅಮ್ಮ ನಿನ್ನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದಳು. ಅಪ್ಪ ಕೆಲಸದಿಂದ ಬೀದಿ ತಿರುವಿಗೆ ಬಂದರೆ ಸಾಕು, ಅವರ ಗಡ್ಡದ ಸೋಪಿನ ವಾಸನೆಗೆ ನೀನು ಬಾಗಿಲಿಗೆ ಓಡುತ್ತಿದ್ದೆ. ಆ ವಾಸನೆ ನಿನಗೆ ನೆನಪಿದೆಯಾ? ಮನೆಯಲ್ಲಿ ಅಂಥ ಮೂಗು ಇಟ್ಟುಕೊಂಡು ನನ್ನ ಮೂಗನ್ನು ಯಾಕಪ್ಪ ದುಡಿಸುತ್ತೀ?

ನಿನ್ನ ಅಕ್ಕ


೨ ಮಾರ್ಚ್

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಲವಂಗ, ಬಾಳೆಹಣ್ಣು ಎರಡೂ ಸರಿ, ಹುದುಗಿಸಲು ಆಕೆ ಹಾಕುವ ಯೀಸ್ಟು ಹಾಗೆಯೇ. ಇಸ್ತ್ರಿ ಹಬೆ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನಮ್ಮ ಮಾಲ್ಟು, ನಿಂಬೆಸಿಪ್ಪೆ ಅಂದರೆ ಕೊನೆಗೆ ಹಾಕುವ ಹಾಪ್ ಹೂವು. ರಟ್ಟು ಅಂದರೆ ಬಾಟಲಿಯೊಳಗೆ ಗಾಳಿ ಸೇರಿದೆ, ಪ್ರೆಸ್ಸಿನವನು ಹತ್ತು ವರ್ಷದಿಂದ ಅದೇ ಹಳೆ ಮುಚ್ಚಳದ ಮಿಷನ್ ಇಟ್ಟುಕೊಂಡಿದ್ದಾನೆ. ಕಮಟಿಗೆ ಮದ್ದಿಲ್ಲ, ಚರಂಡಿಗೆ ಚೆಲ್ಲಿ ಟ್ಯಾಂಕ್ ತಿಕ್ಕುವುದೊಂದೇ ದಾರಿ, ಡಿಪೋದವನಿಗೆ ನಾನು ಅಲ್ಲಿದ್ದಾಗಲೇ ಹೇಳಿ ಹೇಳಿ ಸಾಕಾಗಿತ್ತು. ನಿನ್ನ ಮೂಗು ಸರಿಯಾಗಿದೆ ಅಕ್ಕ. ನಾನು ಅಂದುಕೊಂಡದ್ದಕ್ಕಿಂತ ಸರಿಯಾಗಿದೆ.

ಅಪ್ಪನ ಸೋಪು ನೆನಪಿದೆ. ನೆನಪಿಗೇನೂ ತೊಂದರೆಯಿಲ್ಲ.

ಬಸ್ಸಿನಲ್ಲಿ ಎರಡು ಬಾಟಲಿ ಪಾರ್ಸೆಲ್ ಹಾಕಿದ್ದೇನೆ. ನಮ್ಮ ಮೂರನೇ ಟ್ಯಾಂಕಿನದು, ಕಪ್ಪು ಬಿಯರ್, ಸಾವಿರ ಲೀಟರ್ ಇದೆ. ಹದಿನೈದನೇ ತಾರೀಕು ಬಾಟಲಿಗೆ ತುಂಬಬೇಕು. ಇಲ್ಲಿ ನಾವು ಮೂರೇ ಜನ. ಯಜಮಾನಮ್ಮನಿಗೆ ಎಲ್ಲ ಬಿಯರೂ ಒಂದೇ, ಅವರು ನನ್ನ ಮೂಗನ್ನು ನಂಬಿ ಬ್ರೂವರಿ ಇಟ್ಟವರು. ಬಾಟಲಿ ತುಂಬುವವಳನ್ನು ಕೇಳುವ ಹಾಗಿಲ್ಲ. ಹೊರಗಿನ ಒಂದು ಮೂಗು ನೋಡಲಿ ಅಂತ ನಿನಗೆ ಕಳಿಸಿದ್ದೇನೆ. ಉದ್ದ ಬರೆಯಬೇಡ. ಗ್ಲಾಸಿಗೆ ಸುರಿದ ತಕ್ಷಣ ಮೂಗಿಗೆ ಬಂದ ಒಂದೇ ಒಂದು ಪದ, ಅವತ್ತೇ ಅಂಚೆಗೆ ಹಾಕು. "ಚೆನ್ನಾಗಿದೆ" ಬೇಡ, ಗೊತ್ತಲ್ಲ.

ಗುಂಡು


೯ ಮಾರ್ಚ್

ಗುಂಡು,

ಲಾರಿ ತೂಗುವ ಕಟ್ಟೆಯ ಪಕ್ಕ ನಿಂತು ಈ ಕಾರ್ಡು ಬರೆಯುತ್ತಿದ್ದೇನೆ, ಲಾರಿ ಹತ್ತಿದಾಗೆಲ್ಲ ನೆಲ ಅದುರುತ್ತದೆ, ಅಕ್ಷರಕ್ಕೆ ಬೈಯಬೇಡ. ಬಾಟಲಿ ನಿನ್ನೆ ಸಂಜೆ ತೆರೆದೆವು. ನೀನು ಕೇಳಿದ ಒಂದು ಪದ:

ಕಮರು.

"ಚೆನ್ನಾಗಿದೆ" ಬೇಡ ಅಂದಿದ್ದೆ, ಬರೆದಿಲ್ಲ ನೋಡು.

ಅಕ್ಕ


೧೩ ಮಾರ್ಚ್

ಅಕ್ಕ,

ಕಾರ್ಡು ಬಂತು. ಕಮಟು ಅಂತ ಓದಿದ ಮೇಲೆ ಇನ್ನೇನಿದೆ. ಇವತ್ತು ಬೆಳಿಗ್ಗೆ ಮೂರನೇ ಟ್ಯಾಂಕನ್ನು ಚರಂಡಿಗೆ ಬಿಟ್ಟೆ. ಸಾವಿರ ಲೀಟರ್ ಖಾಲಿಯಾಗಲು ಮುಕ್ಕಾಲು ಗಂಟೆ ಬೇಕಾಯಿತು. ಬಾಟಲಿ ತುಂಬುವವಳು ಚರಂಡಿಯ ಹತ್ತಿರ ನಿಂತು, "ಅಯ್ಯೋ ಅಣ್ಣ, ಎಂಥ ಒಳ್ಳೇ ವಾಸನೆ, ಯಾಕೆ ಚೆಲ್ತಿದ್ದೀರಿ" ಅಂತಿದ್ದಳು. ಅವಳಿಗೇನು ಗೊತ್ತು. ಯಜಮಾನಮ್ಮ ಬಂದು ನೋಡಿ, "ನಿಮಗೆ ಸರಿಯಿಲ್ಲ ಅನ್ನಿಸಿದ್ರೆ ಸರಿಯಿಲ್ಲ" ಅಂತಷ್ಟೇ ಹೇಳಿ ಒಳಗೆ ಹೋದರು.

ನೀನು ಮುಲಾಜಿಲ್ಲದೆ ಬರೆದದ್ದು ಒಳ್ಳೆಯದಾಯಿತು. ಬೇರೆ ಯಾರಾದರೂ ಆಗಿದ್ದರೆ ನನ್ನ ಮನಸ್ಸಿಗೆ ನೋವಾಗುತ್ತದೆ ಅಂತ ಸುಳ್ಳು ಹೇಳುತ್ತಿದ್ದರು.

ಗುಂಡು


೧೭ ಮಾರ್ಚ್

ಗುಂಡು,

ನಾನು ಬರೆದದ್ದು ಕಮಟು ಅಲ್ಲ. ಕಮರು. ರಾತ್ರಿಯ ರ.

ಸೌದೆ ಒಲೆ ಆರಿಸಿದ ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ ಬರುತ್ತದಲ್ಲ, ಆ ಸುಟ್ಟ ಕಮರು ವಾಸನೆ. ಹೊಗೆ ಕೊಟ್ಟ ಮಾಲ್ಟು ಹಾಕಿದ್ದೀಯ ಅಂತ ಬಾಟಲಿಯ ಚೀಟಿಯಲ್ಲೇ ಇತ್ತು, ಸರಿಯಾಗಿಯೇ ಬಂದಿದೆ ಅಂದುಕೊಂಡು ಬರೆದೆ. ಭಾವ ಎರಡು ಬಾಟಲಿಯನ್ನೂ ಮುಗಿಸಿ ಮೂರನೆಯದು ಇಲ್ಲವಾ ಅಂತ ಕೇಳಿದರು. ನನ್ನ ರ ಒಳಗೆ ಸುತ್ತಿಕೊಂಡು ಟ ಆಗುತ್ತದೆ ಅಂತ ಮೂರನೇ ಕ್ಲಾಸಿನ ಮೇಷ್ಟ್ರೇ ಬೈದಿದ್ದರು. ಲಾರಿ ಬೇರೆ ಅದುರಿಸಿತು. ತಪ್ಪು ನನ್ನದೇ, ಅದಕ್ಕೆ ಎಷ್ಟು ಬೇಕಾದರೂ ಬೈಸಿಕೊಳ್ಳುತ್ತೇನೆ.

ಆದರೆ ಒಂದು ಮಾತು ಎರಡು ದಿನದಿಂದ ತಲೆಯಿಂದ ಹೋಗುತ್ತಿಲ್ಲ. ಟ್ಯಾಂಕು ನಿನ್ನ ಮುಂದೆಯೇ ಇತ್ತು. ಬಾಟಲಿ ತುಂಬುವವಳಿಗೆ ಬಂದ ವಾಸನೆ ನಾಯಿಮೂಗಿನವನಿಗೆ ಬರಲಿಲ್ಲವಾ? ಚೆಲ್ಲುವ ಮುಂಚೆ ನೀನೇ ಒಂದು ಸಲ ಮೂಸಿ ನೋಡಬಹುದಿತ್ತಲ್ಲ?

ಅಕ್ಕ


೨೦ ಮಾರ್ಚ್

ಅಕ್ಕ,

ಮೂಸಿದ್ದೆ. ಏನೂ ಬರಲಿಲ್ಲ. ನವೆಂಬರಿನಿಂದ ನನಗೆ ಏನೂ ಬರುತ್ತಿಲ್ಲ.

ಜ್ವರ ಇಳಿಯಿತು, ಹೋಗುವಾಗ ವಾಸನೆಯನ್ನು ತೆಗೆದುಕೊಂಡು ಹೋಯಿತು. ದಿನಾ ಬೆಳಿಗ್ಗೆ ಈರುಳ್ಳಿ, ಸೀಮೆಎಣ್ಣೆ, ಸೋಪು ಮೂರನ್ನೂ ಸಾಲಾಗಿಟ್ಟು ಮೂಸುತ್ತೇನೆ. ಮೂರೂ ನೀರಿನ ಹಾಗೆ. ಡಾಕ್ಟರು ಬರಬಹುದು, ಬರದೆಯೂ ಇರಬಹುದು ಅನ್ನುತ್ತಾರೆ. ಬಾಯಿಗೆ ಕಹಿ, ಹುಳಿ, ಉಪ್ಪು, ಸಿಹಿ ಗೊತ್ತಾಗುತ್ತದೆ, ಅಷ್ಟೇ. ಅಷ್ಟರಲ್ಲಿ ಬಿಯರ್ ಕಾಯಿಸುವುದು ಅಂದರೆ ಕಣ್ಣು ಮುಚ್ಚಿಕೊಂಡು ಗೋಡೆಗೆ ಬಣ್ಣ ಹಚ್ಚಿದ ಹಾಗೆ.

ಹೊಸ ಬಗೆ ಬೇಕು ಅಂತ ಯಜಮಾನಮ್ಮ ಕೇಳಿರಲಿಲ್ಲ. ನಿನ್ನನ್ನು ಆ ನಾಲ್ಕು ಕಡೆಗೇ ಕಳಿಸಿದ್ದಕ್ಕೆ ಕಾರಣ, ಅವರು ಎಷ್ಟೋ ವರ್ಷದಿಂದ ತಮ್ಮ ಬಿಯರನ್ನು ಬದಲಾಯಿಸಿದವರಲ್ಲ. ಅವುಗಳ ವಾಸನೆ ನನಗೆ ಬಾಯಿಪಾಠ. ನಿನ್ನ ಮಾತನ್ನು ನನ್ನ ನೆನಪಿನ ಪಕ್ಕ ಇಟ್ಟುಕೊಂಡು, ನೀನು ಇಸ್ತ್ರಿ ಹಬೆ ಅಂದರೆ ಯಾವುದು, ರಟ್ಟು ಅಂದರೆ ಯಾವುದು ಅಂತ ಒಂದು ಪಟ್ಟಿ ಮಾಡಿಕೊಂಡೆ. ಮುಂದೆ ನಮ್ಮ ಟ್ಯಾಂಕುಗಳನ್ನು ನಿನ್ನ ಮೂಗಿನಲ್ಲಿ ನೋಡಿಕೊಳ್ಳಬಹುದು ಅಂತ. ಪಟ್ಟಿಯಲ್ಲಿ ಕಮಟು ಇತ್ತು. ಕಮರು ಇರಲಿಲ್ಲ. ನಿನಗೆ ಹೇಳಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ನಿಜ ಆಗಿಬಿಡುತ್ತದೆ ಅನ್ನಿಸುತ್ತಿತ್ತು, ಹೆದರಿಕೆ ಅಕ್ಕ, ಬೇರೇನಲ್ಲ. ಇಪ್ಪತ್ತು ವರ್ಷದಿಂದ ನನಗೆ ಬರುವ ಕೆಲಸ ಇದೊಂದೇ.

ನಿನ್ನ ಕಾಗದ ಬಂದ ದಿನವೇ ಯಜಮಾನಮ್ಮನಿಗೂ ಹೇಳಿದೆ. ಲೆಕ್ಕದ ಪುಸ್ತಕ ಮುಚ್ಚಿಟ್ಟು, "ಚೆಲ್ಲಿದ್ದಕ್ಕೆ ಬೇಜಾರಿಲ್ಲ, ನಾಲ್ಕು ತಿಂಗಳು ನನ್ನ ಮುಖ ನೋಡ್ಕೊಂಡು ಸುಮ್ಮನಿದ್ರಲ್ಲ, ಅದಕ್ಕೆ ಬೇಜಾರು" ಅಂದರು. ಆಮೇಲೆ, "ಅದೇ ಬಿಯರ್ ಇನ್ನೊಂದು ಸಲ ಕಾಯಿಸಿ. ಮೇ ಹತ್ತೊಂಬತ್ತಕ್ಕೆ ಟ್ಯಾಂಕ್ ತೆರೀಬೇಕು. ಯಾರ ಮೂಗಲ್ಲಿ ನೋಡಿಸ್ತೀರೋ ನೋಡಿಸಿ, ನನ್ನ ಕಣ್ಣೆದುರಿಗೆ ನೋಡಿಸಿ. ಸರಿಯಾಗಿ ಬಂದ್ರೆ ನೀವು ಇಲ್ಲೇ ಇರ್ತೀರಿ, ಇಲ್ಲಾಂದ್ರೆ ಮೂಗಿರೋರನ್ನ ಹುಡುಕ್ತೀನಿ" ಅಂದರು. ನ್ಯಾಯವಾಗಿಯೇ ಇದೆ.

ಗುಂಡು


೧೧ ಏಪ್ರಿಲ್

ಅಕ್ಕ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಫೋನು ಮಾಡಿದರೆ ಭಾವ ತೆಗೆದು "ಇದ್ದಾಳೆ, ಹುಷಾರಾಗಿದ್ದಾಳೆ, ಈಗ ಮಾತಾಡಲ್ಲವಂತೆ" ಅಂದರು. ಬಿಯರ್ ಟ್ಯಾಂಕಿನಲ್ಲಿದೆ.

ಗುಂಡು


೨೬ ಏಪ್ರಿಲ್

ಅಕ್ಕ,

ಈ ಕಾಗದದಲ್ಲಿ ಬಿಯರಿನ ಮಾತಿಲ್ಲ. ನಿನ್ನಿಂದ ಯಾವ ಕೆಲಸವೂ ಆಗಬೇಕಾಗಿಲ್ಲ.

ಮೊನ್ನೆ ಹಾಲು ಒಲೆಯ ಮೇಲಿಟ್ಟು ಮರೆತು ಪೇಪರ್ ಓದುತ್ತ ಕೂತಿದ್ದೆ. ಪಾತ್ರೆ ಕರಕಲಾಗಿ ಹೊಗೆ ಕಣ್ಣಿಗೆ ಚುಚ್ಚಿದ ಮೇಲೆಯೇ ಗೊತ್ತಾದದ್ದು. ಪಾತ್ರೆ ಹೋಯಿತು, ಬೇರೇನೂ ಆಗಲಿಲ್ಲ. ಅಮ್ಮ ಇದ್ದಿದ್ದರೆ ನಂಬುತ್ತಿರಲಿಲ್ಲ. ಕೋಣೆಯ ಕಿಟಕಿಯ ಹೊರಗೆ ರಸ್ತೆ ಅಗೆದು ಪೈಪು ಹಾಕುತ್ತಿದ್ದಾರೆ, ಅದನ್ನೇ ನೋಡುತ್ತಿರುತ್ತೇನೆ. ಎಡಗಾಲಿನ ಚಪ್ಪಲಿಯ ಅಟ್ಟೆ ಬಿಟ್ಟಿದೆ. ಕಣ್ಣಿಗೆ ಕನ್ನಡಕ ಬಂದಿದೆ, ಹೋದ ವರ್ಷವೇ ಬಂತು, ನಿನಗೆ ಹೇಳಿರಲಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಫೆಬ್ರವರಿಯಲ್ಲಿ ಬರೆದಿದ್ದೆ. ನಾನು ಲವಂಗ, ಬಾಳೆಹಣ್ಣು ನೋಡಿದೆ, ಮೊಣಕಾಲು ನೋಡಲಿಲ್ಲ.

ಗುಂಡು


೬ ಮೇ

ಗುಂಡು,

ಮಾರ್ಚಿನ ಕಾಗದ ಓದಿ ಮೊದಲು ಅತ್ತೆ, ನಿನ್ನ ಮೂಗಿಗಾಗಿ. ಮಾರನೆಯ ದಿನ ಸಿಟ್ಟು ಬಂತು, ನನಗಾಗಿ. ಜನವರಿಯಿಂದ ನಿನ್ನ ಒಂದೊಂದು ಕಾಗದವನ್ನೂ ಭಾವನಿಗೆ ಓದಿ ಹೇಳಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ತಮ್ಮನಿಗೆ ಕೊನೆಗೂ ಅಕ್ಕನ ನೆನಪಾಯಿತು ಅಂದುಕೊಂಡಿದ್ದೆ. ನೆನಪಾದದ್ದು ಅಕ್ಕನ ಮೂಗು. ಮೂವತ್ತು ವರ್ಷ ನಾನು ತಕ್ಕಡಿಗಳಿಗೆ ಮಾಡಿದ್ದನ್ನು ನೀನು ನನಗೆ ಮಾಡಿದೆ. ತೂಕ ಗೊತ್ತಿರುವ ಕಲ್ಲು ಇಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿದೆ. ತಕ್ಕಡಿಗೆ ಬೇಜಾರಾಗುವುದಿಲ್ಲ, ನನಗಾಯಿತು.

ಆದರೆ ಕುಂಬಳಕಾಯಿ ಕಳ್ಳ ಅಂತ ನಿನ್ನನ್ನು ಬೈಯುತ್ತ ನನ್ನ ಹೆಗಲನ್ನೂ ಮುಟ್ಟಿ ನೋಡಿಕೊಂಡೆ. ನಾನೂ ಒಂದು ಮುಚ್ಚಿಟ್ಟಿದ್ದೇನೆ. ನನಗೆ ಬಿಯರ್ ಇಷ್ಟವಿಲ್ಲ. ಎಂದೂ ಇರಲಿಲ್ಲ. ಒಂದು ಗುಟುಕು ನುಂಗುವುದೇ ಕಷ್ಟ, ಆಮೇಲಿನದೆಲ್ಲ ಭಾವನ ಪಾಲು. ನಾಲ್ಕು ಕಡೆಗೂ ಹೋದದ್ದು ನಿನ್ನಿಂದ ಮತ್ತೊಂದು ಕಾಗದ ಬರಲಿ ಅಂತ. ಹೇಳಿದ್ದರೆ ನೀನು ಬೇರೆ ಮೂಗು ಹುಡುಕುತ್ತಿದ್ದೆ, ಕಾಗದ ನಿಂತುಹೋಗುತ್ತಿತ್ತು.

ಮೊಣಕಾಲು ಸುಮಾರಾಗಿದೆ. ಮೆಟ್ಟಿಲು ಹತ್ತುವಾಗ ಮಾತ್ರ ನೋವು. ನಿನ್ನ ಬ್ರೂವರಿಯಲ್ಲಿ ಮೆಟ್ಟಿಲಿದೆಯಾ?

ಯಾಕೆ ಕೇಳಿದೆ ಅಂದರೆ, ಹದಿನೆಂಟಕ್ಕೆ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೇನೆ. ಮೂರು ದಿನ ರಜೆ ಹಾಕಿದೆ. ಈ ಸಲ ಕಾಗದವೂ ಬೇಡ, ಅಕ್ಷರವೂ ಬೇಡ, ನಿನ್ನ ಎದುರಿಗೆ ನಿಂತು ಬಾಯಲ್ಲಿ ಹೇಳುತ್ತೇನೆ. ಸರಿಯಿಲ್ಲದಿದ್ದರೆ ಸರಿಯಿಲ್ಲ ಅಂತಲೇ ಹೇಳುತ್ತೇನೆ, ಯಜಮಾನಮ್ಮನ ಮುಂದೆಯೇ. ತಮ್ಮ ಅಂತ ತೂಕ ಹೆಚ್ಚು ಕಮ್ಮಿ ಮಾಡುವವಳಲ್ಲ ನಾನು. ನೀನು ಒಬ್ಬನೇ ಇರುವಾಗ ಹಾಲು ಕಾಯಿಸಬೇಡ.

ನಿನ್ನ ಅಕ್ಕ


ಟ್ಯಾಂಕ್ ಕಾರ್ಡು, ಸಂಖ್ಯೆ ೩. ತೆರೆದದ್ದು: ೧೯ ಮೇ, ಬೆಳಿಗ್ಗೆ ಹತ್ತೂವರೆ.

ಬಣ್ಣ: ಕಪ್ಪು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು.

ವಾಸನೆ: ಕ ಮ ರು. ರಾತ್ರಿಯ ರ, ಟೋಪಿಯ ಟ ಅಲ್ಲ. ಒಲೆ ಆರಿಸಿದ ಮಾರನೆಯ ಬೆಳಗಿನದು. ಹೋದ ಸಲಕ್ಕಿಂತ ಒಂದು ತೂಕ ಕಡಿಮೆ. ಕಮಟು ಎಲ್ಲೂ ಇಲ್ಲ.

ರುಚಿ: ನನಗೆ ಇಷ್ಟವಾಗಲಿಲ್ಲ. ಚೆನ್ನಾಗಿದೆ.

ತಪಾಸಣೆ ಮಾಡಿದವರು: ಬ್ರೂವರನ ಅಕ್ಕ.

ಬಾಟಲಿ ತುಂಬಬಹುದು. ಮುಂದಿನ ತಿಂಗಳಿಗೆ ಇದನ್ನೇ ಇನ್ನೊಂದು ಟ್ಯಾಂಕ್ ಕಾಯಿಸಲಿ. ಸಹಿ, ಯಜಮಾನಿ.

ಬ್ರೂವರ್: ಮೂಸಿದೆ. ಏನೂ ಬರಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು ಹೇಳಿದಳು, ಕೇಳಿಕೊಂಡೆ, ಒಪ್ಪಿ ಸಹಿ ಮಾಡಿದ್ದೇನೆ.